ಜಾಕ್ ಕುಸಿದ ದಿನ ಕೂಗಿದ ಹೆಸರು

ನನ್ನ ಗಂಡನ ಹೆಸರನ್ನು ನಾನು ಇಡೀ ಜೀವಮಾನದಲ್ಲಿ ಒಂದೇ ಒಂದು ಸಲ ಬಾಯಿಬಿಟ್ಟು ಕೂಗಿದ್ದೇನೆ. ಅದೂ ಹಾಡಹಗಲಲ್ಲಿ, ಮದುವೆಗೆ ಹೊರಟ ಗಂಡಸರ ಗುಂಪಿನ ನಡುವೆ, ಅತ್ತೆಯ ಕಣ್ಣೆದುರಿಗೇ! ನೆನೆದರೆ ಈಗಲೂ ಒಮ್ಮೆ ಮೈ ಜುಮ್ಮೆನ್ನುತ್ತದೆ, ಒಮ್ಮೆ ನಗು ಉಕ್ಕುತ್ತದೆ.

ಆಗ ನಾನು ಮದುವೆಯಾಗಿ ಗೊರೇಬಾಳಕ್ಕೆ ಬಂದು ನಾಲ್ಕು ತಿಂಗಳಾಗಿತ್ತು. ಕಾಲುವೆ ನೀರು ಆ ಊರಿಗೆ ಬಂದು ಎರಡೇ ವರ್ಷ. ಎಲ್ಲಿ ನೋಡಿದರೂ ಹೊಸತು. ಜೋಳದ ಹೊಲದಲ್ಲಿ ಭತ್ತ, ಭತ್ತದ ಗದ್ದೆಯಲ್ಲಿ ಕೊಕ್ಕರೆ, ಗಂಗಾಳದಲ್ಲಿ ದಿನವೂ ಅನ್ನ! ನಮ್ಮ ಮನೆಯಲ್ಲಿ ಇವೆಲ್ಲಕ್ಕಿಂತ ದೊಡ್ಡ ಹೊಸತೊಂದಿತ್ತು. ಸಿಂಧನೂರಿನ ಸಾಹುಕಾರರೊಬ್ಬರು ಓಡಿಸಿ ಓಡಿಸಿ ಕೈಬಿಟ್ಟಿದ್ದ ಕರಿ ಕಾರೊಂದನ್ನು ನನ್ನ ಗಂಡ ತಂದು, ಸಿಂಧನೂರು, ಮಸ್ಕಿ, ಲಿಂಗಸುಗೂರು ಅಂತ ಬಾಡಿಗೆಗೆ ಓಡಿಸುತ್ತಿದ್ದರು. ಅವರ ಅಪ್ಪ, ಅಜ್ಜ ಎಲ್ಲರೂ ಬಂಡಿ ಮಾಡುವ ಬಡಿಗರು. ಇವರೊಬ್ಬರು ಬಾಚಿ ಕೆಳಗಿಟ್ಟು ಸ್ಟೇರಿಂಗ್ ಹಿಡಿದಿದ್ದರು. ಕಾರು ಊರೊಳಗೆ ಬಂದರೆ ನಾಯಿಗಳೂ ಓಡಿ ಬರುತ್ತಿದ್ದವು, ನಾನೂ ಓಡಿ ಬರುತ್ತಿದ್ದೆ. ಸುಳ್ಳು ಯಾಕೆ ಹೇಳಲಿ?

ನಾನೂ ಬಂಡಿ ಬಡಿಗನ ಮಗಳೇ, ಪಾಮನಕಲ್ಲೂರಿನವಳು. ಅಪ್ಪ ಬಂಡಿಯ ಗಾಲಿ ಬಿಚ್ಚಿದರೆ ಒಂದೇ ಕಟ್ಟಿಗೆಯ ಆಸರೆಯನ್ನು ನಂಬುತ್ತಿರಲಿಲ್ಲ. ದಪ್ಪ ತುಂಡುಗಳನ್ನು ಎರಡು ಉದ್ದಕ್ಕೆ, ಎರಡು ಅಡ್ಡಕ್ಕೆ ಪೇರಿಸಿ ಅದರ ಮೇಲೆ ಬಂಡಿ ಕೂರಿಸುತ್ತಿದ್ದ. ಆಮೇಲೆ ಸೊಂಟ ಕೊಟ್ಟು ಜೋರಾಗಿ ಒಂದು ಸಲ ನೂಕುತ್ತಿದ್ದ. "ಬೀಳೂದಿದ್ರ ನನ್ನ ಕಣ್ಣ ಮುಂದ ಬೀಳಲಿ, ತಲಿ ಮ್ಯಾಲ ಬ್ಯಾಡ" ಅನ್ನುತ್ತಿದ್ದ. ಆ ಮಾತು ಕೇಳಿಯೇ ನಾನು ಬೆಳೆದದ್ದು.

ಆ ಬೇಸಿಗೆಯಲ್ಲಿ ನಮ್ಮೂರಿನ ಒಬ್ಬ ಹುಡುಗನಿಗೆ ಮಸ್ಕಿಯಲ್ಲಿ ಮದುವೆ. ಅಲ್ಲಿಯವರೆಗೆ ನಮ್ಮೂರಿನ ಮದುಮಕ್ಕಳೆಲ್ಲ ಬಂಡಿಯಲ್ಲಿ ಹೋದವರು. ಇವನು ಕಾರಿನಲ್ಲಿ ಹೋಗುತ್ತಾನಂತೆ! ಊರಿಗೆ ಊರೇ ಸುದ್ದಿ. ಬೆಳಗಾಗುವುದರೊಳಗೆ ಕಾರಿಗೆ ಮಾವಿನ ತೋರಣ, ಬಣ್ಣದ ಕಾಗದದ ಹೂವು, ಮುಂದೆ ಎರಡು ಬಾಳೆಕಂದು. ನಾನು ದೀಪಗಳಿಗೆ ಕುಂಕುಮ ಹಚ್ಚಿದೆ. ಇವರು ತೊಳೆದ ಬಿಳಿ ಅಂಗಿ ಹಾಕಿಕೊಂಡು, ಕಾರು ಚಾಲೂ ಮಾಡಿ ಹಿತ್ತಲಿನಿಂದ ಹೊರತಂದರು. ಇಪ್ಪತ್ತು ಹೆಜ್ಜೆ ಬಂದಿರಲಿಕ್ಕಿಲ್ಲ, ಹಿಂದಿನ ಗಾಲಿಯ ಹತ್ತಿರ ಟಕ್ ಅಂತ ಸದ್ದಾಯಿತು, ಕಾರು ಒಂದು ಮಗ್ಗುಲಿಗೆ ಕುಂತೇ ಬಿಟ್ಟಿತು. ಗಾಲಿಯ ಮೇಲೆ ಭಾರ ಹೊರುವ ಉಕ್ಕಿನ ಪಟ್ಟಿ, ಅಂದರೆ ಪಾಟಾ, ಹಿಡಿಯುವ ಬೋಲ್ಟು ತುಂಡಾಗಿತ್ತು.

ಮದುಮಗನ ಸೋದರಮಾವ ತಲೆ ಮೇಲೆ ಕೈ ಹೊತ್ತ. "ಏ ತಮ್ಮಾ, ಮಧ್ಯಾಹ್ನಕ್ಕ ಅಕ್ಕಿಕಾಳಿನ ಮುಹೂರ್ತ ಐತಿ! ಬಂಡಿ ಕಟ್ಟಿದ್ರ ಸಂಜಿಗಿ ಮುಟ್ತೀವಿ ನಾವು!"

"ಬ್ಯಾರೆ ಬೋಲ್ಟ್ ಐತ್ರಿ ಮಾವಾರ. ಅರ್ಧ ತಾಸು ಕೊಡ್ರಿ ಸಾಕು" ಅಂದರು ಇವರು. ಅಂಗಿ ತೆಗೆದು ನನ್ನ ಕೈಗೆ ಕೊಟ್ಟರು. ನಿಂತ ಜಾಗದಲ್ಲೇ ಚಾಸಿಯ ಕೆಳಗೆ ಜಾಕ್ ಇಟ್ಟು ಏರಿಸಿ, ಗಾಲಿ ಬಿಚ್ಚಿ ಪಕ್ಕಕ್ಕೆ ಹಾಕಿದರು. ದಿಬ್ಬಣದ ಹಲಗೆವಾದ್ಯದವರು ಸುಮ್ಮನೆ ಯಾಕೆ ನಿಲ್ಲಬೇಕೆಂದು ಬಡಿಯಲು ಶುರುಮಾಡಿದರು. ಆ ಸದ್ದಿನಲ್ಲಿ ನನ್ನ ಎದೆಯೂ ಬಡಿಯತೊಡಗಿತು, ಆದರೆ ನನ್ನದು ಸಂಭ್ರಮಕ್ಕಲ್ಲ.

ಹಿಂದಿನ ವಾರ ಅದೇ ಜಾಗದ ಪಕ್ಕದಲ್ಲಿ ನಾನು ಎಮ್ಮೆಗೆ ಗೂಟ ಹೊಡೆದಿದ್ದೆ. ನಮ್ಮ ಪಾಮನಕಲ್ಲೂರಿನ ಎರೆಮಣ್ಣಿನಲ್ಲಿ ಬೇಸಿಗೆಯ ಹೊತ್ತು ಗೂಟ ಇಳಿಯಬೇಕಾದರೆ ಹಾರೆಯಲ್ಲಿ ಕುಣಿ ಮಾಡಬೇಕು. ಇಲ್ಲಿ ಎರಡೇ ಏಟಿಗೆ ಮೊಳದಷ್ಟು ಇಳಿದಿತ್ತು. ಮೇಲೆ ಬಿರುಕು ಬಿಟ್ಟ ಒಣ ಮಣ್ಣು, ಒಳಗೆ ಬೆಣ್ಣೆ. ಹಿತ್ತಲ ಹಿಂದೆಯೇ ಕಾಲುವೆ ಹರಿಯುತ್ತಿತ್ತಲ್ಲ, ಅದರ ನೀರು ಒಳಗೊಳಗೇ ಬಂದು ಕೂತಿತ್ತು. ಎರಡು ವರ್ಷದ ಹಿಂದಿನವರೆಗೆ ಅದು ಕಲ್ಲಿನಂಥ ನೆಲ. ಊರವರ ತಲೆಯಲ್ಲಿ ಇನ್ನೂ ಅದೇ ನೆಲ ಇತ್ತು.

"ಏನ್ರಿ, ಇಲ್ಲಿ ನೆಲಾ ಮೆತ್ತಗೈತಿ. ಜಾಕಿನ ಬುಡಕ್ಕ ಒಂದ ಕಟ್ಟಿಗಿ ಹಲಗಿ ಹಾಕ್ರಿ" ಅಂದೆ.

ಇವರು ನಕ್ಕರು. "ಬ್ಯಾಸಗ್ಯಾಗ ಎರಿ ಮೆತ್ತಗ? ನೀ ಎಲ್ಲಿಂದ ಬಂದೀಯ ಮಾರಾಯ್ತಿ?"

"ಎಮ್ಮಿ ಗೂಟ ಎರಡ ಏಟಿಗೆ ಇಳೀತ್ರಿ!"

"ಎಮ್ಮಿ ಗೂಟಕ್ಕೂ ಕಾರಿಗೂ ಏನ ಸಂಬಂಧ?" ಅಂದ ಸೋದರಮಾವ. ಗಂಡಸರೆಲ್ಲ ಗೊಳ್ಳೆಂದು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಅತ್ತೆ ಬಾಗಿಲಲ್ಲಿ ನಿಂತು ಕಣ್ಣು ಬಿಟ್ಟರು. "ಗಂಡಸರ ಕೆಲಸದಾಗ ನಿಂದೇನ ಬೇ? ಒಳಗ ಬಾ."

ಒಳಗೆ ಹೋಗುವ ಜಾತಿಯಲ್ಲ ನಾನು. ಅಂಗಿಯನ್ನು ಎಮ್ಮೆಯ ಗೂಟಕ್ಕೇ ಸಿಕ್ಕಿಸಿ, ಸೆರಗು ಸಿಗಿಸಿ, ಬಿಚ್ಚಿಟ್ಟಿದ್ದ ಗಾಲಿಯನ್ನು ಉರುಳಿಸಿಕೊಂಡು ಬಂದು ಚಾಸಿಯ ಕೆಳಗೆ ಅಡ್ಡ ಕೆಡವಿದೆ. ಹಸಿರು ಬಳೆ ಎರಡು ಒಡೆದವು. ಡಿಕ್ಕಿಯಿಂದ ಸ್ಟೆಪ್ನಿಯನ್ನೂ ಎಳೆದು ತಂದು ಅದರ ಮೇಲೆ ಹೇರಿದೆ. ಕಾರಿಗೂ ಗಾಲಿಗೂ ನಡುವೆ ನಾಲ್ಕು ಬೆರಳು ಉಳಿಯಿತು. "ಇವು ಹಿಂಗ ಇರಬೇಕು. ಇಲ್ಲಂದ್ರ ನೀವು ಕೆಳಗ ಹೋಗೂದ ಬ್ಯಾಡ" ಅಂದೆ.

"ಇರ್ಲಿ ಬಿಡು, ಅಡ್ಡ ಬಂದಿಲ್ಲ" ಅಂದು, ಹಟಮಾರಿ ಮಗುವಿಗೆ ಹೇಳಿದ ಹಾಗೆ ಹೇಳಿ, ಬೆನ್ನ ಮೇಲೆ ಮಲಗಿ ಕೆಳಗೆ ಸರಿದೇ ಬಿಟ್ಟರು. ಸೊಂಟ ಕೊಟ್ಟು ನೂಕಿ ನೋಡಬೇಕಿತ್ತು. ಅಷ್ಟು ಜನ ಗಂಡಸರ ಮುಂದೆ ಹೊಸ ಸೊಸೆ ಸೊಂಟ ಕೊಡುವುದು ಹೇಗೆ? ನಾಚಿಕೆಯಾಗಿ ಬಿಟ್ಟೆ. ಆ ನಾಚಿಕೆಗೆ ಬೆಂಕಿ ಬೀಳಲಿ ಅಂತ ಇವತ್ತಿಗೂ ಬೈದುಕೊಳ್ಳುತ್ತೇನೆ.

ನಾನು ಜಾಕಿನ ಬುಡ ನೋಡುತ್ತ ಕುಕ್ಕರುಗಾಲಲ್ಲಿ ಕೂತೆ. ಅದರ ಅಡಿಯ ಕಬ್ಬಿಣಕ್ಕೆ ಕೆಂಪು ಬಣ್ಣವಿತ್ತು. ಒಳಗಿಂದ ಸುತ್ತಿಗೆಯ ಏಟು ಒಂದೊಂದೇ ಬೀಳುತ್ತಿತ್ತು. ಹೊರಗೆ ಹಲಗೆ, ಸನಾದಿ, ಮಕ್ಕಳ ಕೇಕೆ. ಒಂದು ಗಳಿಗೆ ಕಳೆಯಿತು. ನೋಡುತ್ತಿದ್ದ ಹಾಗೆ ಕೆಂಪು ಬಣ್ಣ ಅರ್ಧವಾಯಿತು. ಕಣ್ಣುಜ್ಜಿಕೊಂಡು ನೋಡಿದೆ. ಕೆಂಪು ಕಾಣಲೇ ಇಲ್ಲ! ಬುಡದ ಸುತ್ತ ಕರಿ ನೀರು ಒಸರುತ್ತಿತ್ತು, ಜಾಕ್ ಒಂದು ಕಡೆ ವಾಲಿತ್ತು.

"ರೀ! ಹೊರಗ ಬರ್ರಿ!" ಅಂತ ಕಿರುಚಿದೆ.

ನಾಲ್ಕು ಜನ ಗಂಡಸರು ಒಟ್ಟಿಗೇ ತಿರುಗಿ "ಏನವ್ವಾ?" ಅಂದರು! ಬೆಳಗಿನಿಂದ ಊರ ಹೆಂಗಸರೆಲ್ಲ ತಮ್ಮ ತಮ್ಮ ಗಂಡಂದಿರನ್ನು ರೀ, ರೀ ಅಂತಲೇ ಕರೆಯುತ್ತಿದ್ದರು. ಆ ಗದ್ದಲದಲ್ಲಿ ನನ್ನ ರೀ ಯಾವ ಲೆಕ್ಕ? ಕೆಳಗಿದ್ದ ಮನುಷ್ಯನ ಸುತ್ತಿಗೆ ನಿಲ್ಲಲೇ ಇಲ್ಲ. ಎಳೆಯೋಣವೆಂದರೆ ಅವರ ಕಾಲು ಕಾರಿನ ಆಚೆ ಮಗ್ಗುಲಿಗಿತ್ತು. ಸುತ್ತಿ ಓಡಿ ಹೋಗಿ ಹಿಡಿಯುವಷ್ಟರಲ್ಲಿ ಮುಗಿದೇ ಹೋಗುತ್ತದೆ ಅನ್ನಿಸಿತು.

ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಅಂತ ಅತ್ತೆ ನನಗೆ ಮೊದಲ ದಿನವೇ ಹೇಳಿದ್ದರು. ಒಡಪು ಕಟ್ಟಿ ಹೆಸರು ಹೇಳು ಅಂತ ಓರಗೆಯವರು ಕಾಡಿದಾಗಲೂ ನಾನು ಅಡುಗೆಮನೆಗೆ ಓಡಿ ಹೋಗಿದ್ದವಳು. ಆಗ ಅದೆಲ್ಲ ಎಲ್ಲಿ ಹೋಯಿತೋ! ಹೊಟ್ಟೆಯ ಆಳದಿಂದ ಅವರ ಹೆಸರು ಕೂಗಿದೆ, ಪೂರ್ತಿ ಹೆಸರು, ಅಪ್ಪಾ ಅಣ್ಣಾ ಏನೂ ಸೇರಿಸದೆ.

ಹಲಗೆ ನಿಂತಿತು. ಸನಾದಿ ನಿಂತಿತು. ಇಡೀ ಊರು ಬಾಯಿ ತೆರೆದು ನಿಂತಿತು. ಕೆಳಗೆ ಸುತ್ತಿಗೆಯೂ ನಿಂತಿತು. ತಮ್ಮ ಹೆಸರನ್ನು ಹೆಂಗಸಿನ ದನಿಯಲ್ಲಿ ಕೇಳಿ ಇವರಿಗೆ ಎಷ್ಟು ಆಶ್ಚರ್ಯವಾಯಿತೆಂದರೆ, ಯಾರಪ್ಪಾ ಇವಳು ಎಂದು ನೋಡಲು ಗಡಬಡಿಸಿ ಹೊರಗೆ ಸರಿದರು. ಆಚೆ ಮಗ್ಗುಲಿಗೆ ಎದೆ ಬಂತು, ತಲೆ ಬಂತು. ಬಲಗೈ ಇನ್ನೂ ಒಳಗೇ ಇತ್ತು. ಆಗ ಜಾಕ್ ಕಿತ್ತು ಚಿಮ್ಮಿ, ಅವರ ತಲೆ ಇದ್ದ ಜಾಗಕ್ಕೆ ಹೋಗಿ ಬಿತ್ತು. ಕಾರು ಧಡ್ಡೆಂದು ಕೆಳಗೆ ಬಂತು, ಬಂದದ್ದು ಸ್ಟೆಪ್ನಿಯ ಮೇಲೆ ಕೂತಿತು. ನೆಲಕ್ಕೂ ಚಾಸಿಗೂ ನಡುವಿನ ಆ ಸಂದಿಯಿಂದ ಇವರು ಕೈ ಎಳೆದುಕೊಂಡರು. ಮೊಣಕೈಯ ಹತ್ತಿರ ಚರ್ಮ ತರಚಿತ್ತು, ಅಷ್ಟೇ. ಐದೂ ಬೆರಳು ಮಡಚಿ ಬಿಚ್ಚಿ ತೋರಿಸಿದರು. ನಾನು ಗೋಳೋ ಎಂದು ಅತ್ತುಬಿಟ್ಟೆ.

ಸೋದರಮಾವ ಮಸ್ಕಿಯನ್ನೂ ಮರೆತು ನಿಂತಿದ್ದ. ಅತ್ತೆ ನೇರ ನನ್ನ ಹತ್ತಿರ ಬಂದರು. ಮುಗಿಯಿತು ನನ್ನ ಕಥೆ ಅಂದುಕೊಂಡೆ. ಅವರು ಬಗ್ಗಿ ಕಾರಿನ ಕೆಳಗೆ ನೋಡಿದರು, ಜಾಕ್ ಬಿದ್ದ ಜಾಗ ನೋಡಿದರು, ಮಗನ ಕೈ ಸವರಿದರು. ಆಮೇಲೆ ನನ್ನ ಕಡೆ ತಿರುಗಿ, "ಹೆಸರ ಹಿಡದ್ರ ಆಯುಷ್ಯ ಕಡಿಮಿ ಆಗ್ತದಂತ ನಮ್ಮತ್ತಿ ಹೇಳಿದ್ಳು. ಆಕಿ ಕಾಲಕ್ಕ ಕಾರ್ ಇದ್ದಿಲ್ಲ ಬಿಡವ್ವಾ" ಅಂದರು. ಅಳುತ್ತಿದ್ದ ನನಗೆ ನಗು ಬಂದುಬಿಟ್ಟಿತು.

ಆಮೇಲೆ ನೋಡಬೇಕಿತ್ತು ಗಡಿಬಿಡಿಯನ್ನು! ಬಡಿಗರ ಮನೆಯಲ್ಲಿ ಕಟ್ಟಿಗೆಗೆ ಬರವೇ? ಮಾವನ ಕಾಲದ ದಪ್ಪ ಜಾಲಿ ತುಂಡುಗಳು ಹೊರಬಂದವು. ಉಳಿದ ಮೂರು ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟರು. ಜಾಕಿನ ಬುಡಕ್ಕೆ ಅಗಲವಾದ ಹಲಗೆ ಹಾಕಿ ನಿಧಾನ ಏರಿಸಿದರು. ಇನ್ನೊಂದು ದೊಡ್ಡ ಹಲಗೆಯ ಮೇಲೆ ತುಂಡುಗಳನ್ನು ಎರಡು ಉದ್ದಕ್ಕೆ, ಎರಡು ಅಡ್ಡಕ್ಕೆ ಪೇರಿಸಿ, ಜಾಕ್ ಇಳಿಸಿ ಕಾರನ್ನು ಅದರ ಮೇಲೆಯೇ ಕೂರಿಸಿದರು. ಎತ್ತುವುದಷ್ಟೇ ಜಾಕಿನ ಕೆಲಸ, ಹೊರುವುದು ಕಟ್ಟಿಗೆಯ ಕೆಲಸ. ಇವರು ಕೆಳಗೆ ಹೋಗದೆ ನನ್ನನ್ನೇ ನೋಡುತ್ತ ನಿಂತರು.

"ಬಾ. ನಿಮ್ಮಪ್ಪ ಏನೋ ಮಾಡ್ತಾನಂತಲ್ಲ, ಅದ್ನ ಮಾಡು" ಅಂದರು.

ನಾಚಿಕೆಯೆಲ್ಲ ಗಾಳಿಗೆ ಹೋಗಿತ್ತು. ಸೊಂಟ ಕೊಟ್ಟು ನೂಕಿದೆ. "ಸರಿ ಬೇ, ನಾನೂ ನೋಡ್ತೀನಿ" ಅಂತ ಅತ್ತೆಯೂ ಕಚ್ಚೆ ಬಿಗಿದು ನನ್ನ ಪಕ್ಕದಲ್ಲಿ ಸೊಂಟ ಕೊಟ್ಟರು! ಹಲಗೆಯವರು ಹುರುಪಿನಿಂದ ಬಡಿದರು. ಕಾರು ಒಂದು ಕೂದಲೆಳೆ ಕದಲಲಿಲ್ಲ. ಆಗಲೇ ಇವರು ಕೆಳಗೆ ಹೋದದ್ದು. ಮದುಮಗ ಮಸ್ಕಿ ಮುಟ್ಟಿದಾಗ ಅಕ್ಕಿಕಾಳಿಗೆ ಇನ್ನೂ ಹೊತ್ತಿತ್ತಂತೆ.

ಸಂಜೆ ಹೊತ್ತು ಮುಳುಗುವ ಮೊದಲೇ ಕಾರು ವಾಪಸ್ಸು ಬಂತು. ನಾನು ಎಮ್ಮೆಯ ಹಾಲು ಕರೆಯುತ್ತಿದ್ದೆ. ಇವರು ಕಳ್ಳನ ಹಾಗೆ ಹಿಂದೆ ಬಂದು ನಿಂತು, "ಇನ್ನೊಂದ ಸಲ ಕರಿ ನೋಡೂಣು, ಮುಂಜಾನಿ ಕರದಂಗ" ಅಂದರು.

"ಮತ್ತ ಜಾಕ್ ಕುಸೀಲಿ, ಕರೀತೀನಿ" ಅಂದೆ.

ಅಂದಿನಿಂದ ಆ ನಾಲ್ಕು ಜಾಲಿ ತುಂಡು ಮತ್ತು ಎರಡು ಹಲಗೆ ಗಾಡಿ ಬಿಟ್ಟು ಇಳಿಯಲಿಲ್ಲ. ಕಾರು ಹೋಗಿ ಜೀಪು ಬಂತು, ಜೀಪು ಹೋಗಿ ಲಾರಿ ಬಂತು. ಲಿಂಗಸುಗೂರಿನ ರಸ್ತೆಯಲ್ಲಿ ಗಾಡಿ ಕೆಟ್ಟರೂ ಇವರು ದಾರಿಹೋಕರನ್ನು ಕರೆದು ನೂಕಿಸಿ ನೋಡದೆ ಕೆಳಗೆ ಹೋದವರಲ್ಲ. ಜನ ನಕ್ಕರೆ ನಗಲಿ.

ಈಗ ಇವರ ಕಿವಿ ಮಂದವಾಗಿದೆ. ಊಟಕ್ಕೆ ರೀ, ರೀ ಅಂತ ಕೂಗಿ ಕೂಗಿ ನನ್ನ ಗಂಟಲು ಹರಿಯುತ್ತದೆ. ಕಟ್ಟೆಯ ಮೇಲೆ ಕೂತು ಬೊಚ್ಚು ಬಾಯಲ್ಲಿ ನಗುತ್ತ, "ರೀ ಅಂದ್ರ ಕೇಳಂಗಿಲ್ಲ. ಹೆಸರ ಹಿಡದು ಕರಿ, ಎದ್ದ ಬರ್ತೀನಿ" ಅನ್ನುತ್ತಾರೆ. ಎಷ್ಟು ವರ್ಷವಾಯಿತು, ಇನ್ನೂ ಆಸೆ ಬಿಟ್ಟಿಲ್ಲ ಮುದುಕ! ಜಾಕ್ ಕುಸಿಯಲಿ ಅಂತ ನಾನೂ ಅದೇ ಉತ್ತರ ಕೊಡುತ್ತೇನೆ. ಅವರು ಅದನ್ನು ಮತ್ತೆಂದೂ ಕುಸಿಯಲು ಬಿಡಲಿಲ್ಲ. ಅದಕ್ಕೇ ಎದ್ದು ಹೋಗಿ ಕೈ ಹಿಡಿದು ಊಟಕ್ಕೆ ಎಬ್ಬಿಸುತ್ತೇನೆ, ಆ ಬಲಗೈಯನ್ನೇ.