ಕೂಗಿದರೆ ಏಳದ ಹುಡುಗಿ

ನನ್ನ ಗಂಟಲು ದೊಡ್ಡದು. ಹರಿಹರದ ನಮ್ಮ ಮನೆಯಲ್ಲಿ ನಾನು ಕಾಫಿಗೆ ಕರೆದರೆ ಪಕ್ಕದ ಮನೆಯವರೂ ಎದ್ದು ಬರುತ್ತಾರೆ. "ನಿಂಗೆ ದಾವಣಗೆರೆ ಬಸ್ಸು ಯಾಕ ಬೇಕು? ಹೊಳೆ ದಂಡಿ ಮ್ಯಾಲೆ ನಿಂತು ಪಾಠ ಮಾಡು, ಅಲ್ಲಿಗೇ ಕೇಳ್ತೈತೆ" ಎಂದು ನಮ್ಮ ಯಜಮಾನರು ಛೇಡಿಸುತ್ತಾರೆ. ನಾನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ. ಅಂಗನವಾಡಿಯಲ್ಲಿ ಇಪ್ಪತ್ತೈದು ಮಕ್ಕಳನ್ನು ಒಂದು ಕಡೆ ಕೂರಿಸಬೇಕಾದರೆ ಗಂಟಲೇ ಬಂಡವಾಳ ಎಂಬುದು ನನ್ನ ನಂಬಿಕೆಯಾಗಿತ್ತು.

ಮೂರು ವರ್ಷದ ಹಿಂದೆ ದಾವಣಗೆರೆಯ ನನ್ನ ಅಂಗನವಾಡಿಗೆ ಒಬ್ಬಳು ಹುಡುಗಿ ಹೊಸದಾಗಿ ಸೇರಿದಳು. ಉಳಿದ ಮಕ್ಕಳೆಲ್ಲ ಈಚೆ ಓಣಿಯವರು. ಇವಳೊಬ್ಬಳೇ ಆಚೆ ಮಂಡಕ್ಕಿ ಭಟ್ಟಿಯ ಮನೆಯವಳು. ಐದು ದಾಟಿತ್ತು, ಮುಂದಿನ ಜೂನ್‌ಗೆ ಒಂದನೇ ಕ್ಲಾಸಿಗೆ ಹೋಗಬೇಕಾದವಳು. ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಮುಷ್ಟಿಯಲ್ಲಿ ಸದಾ ಹುಣಸೆ ಬೀಜ. ನಾನು "ಎಲ್ರೂ ಬರ್ರಿ!" ಎಂದು ಕೂಗಿದರೆ ಉಳಿದವರು ಓಡಿ ಬರುತ್ತಿದ್ದರು. ಇವಳು ಮಾತ್ರ ಕೂತಲ್ಲೇ ಕೂತು ತಲೆ ತಗ್ಗಿಸುತ್ತಿದ್ದಳು. ಇನ್ನೂ ಜೋರಾಗಿ ಕೂಗಿದರೆ ತಲೆ ಇನ್ನೂ ಕೆಳಗೆ. ನನಗೋ ಮೂಗಿನ ತುದಿಯಲ್ಲೇ ಕೋಪ. "ಕೋಣನ ಮುಂದೆ ಕಿನ್ನರಿ ಬಾರಿಸ್ದಂಗಾತು" ಎಂದು ಸಹಾಯಕಿಯ ಹತ್ತಿರ ಅಂದೂಬಿಟ್ಟೆ. ಅಷ್ಟು ಸಣ್ಣ ಮಗುವಿನ ಬಗ್ಗೆ ಆಡಿದ ಆ ಮಾತಿಗೆ ಈಗಲೂ ನಾಚಿಕೆಯಾಗುತ್ತದೆ.

ತಾಯಿಯನ್ನು ಕರೆಸಿ ಕಿವಿ ತೋರಿಸಲು ಹೇಳಿದೆ. ಪಿ.ಜೆ. ಬಡಾವಣೆಯ ಡಾಕ್ಟರು ನೋಡಿ ಕಿವಿ ಚೆನ್ನಾಗಿದೆ ಎಂದರು. ಹಾಗಾದರೆ ಗಮನವಿಲ್ಲ, ಬರೀ ಹಟ ಎಂದು ನಾನೇ ತೀರ್ಪು ಕೊಟ್ಟೆ. "ಈ ಸಲ ಒಂದನೇ ಕ್ಲಾಸಿಗೆ ಬ್ಯಾಡ. ಇನ್ನೊಂದು ವರ್ಷ ಇಲ್ಲೇ ಇರ್ಲಿ" ಎಂದೆ.

ಆಕೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಓರಗೆಯವ್ರೆಲ್ಲ ಹೋಗ್ತಾರ್ರಿ ಟೀಚರ್. ಇವ್ಳೊಬ್ಳೇ ಉಳಿದ್ರೆ ದಡ್ಡಿ ಅಂತ ಹೆಸ್ರು ಬೀಳ್ತೈತೆ. ಒಂದ್ಸಲ ಬಿದ್ದ ಹೆಸ್ರು ಹೋಗಂಗಿಲ್ರಿ."

ನಾನು ಪಟ್ಟು ಸಡಿಲಿಸಲಿಲ್ಲ. ಒಮ್ಮೆ ಮನೆಗೆ ಬಂದು ನೋಡುತ್ತೇನೆ ಎಂದಷ್ಟೇ ಹೇಳಿದೆ.

ಹೋದೆ. ಭಟ್ಟಿಯೊಳಗೆ ಉರಿ, ಹೊಗೆ, ಕಾದ ಮರಳಿನಲ್ಲಿ ಅಕ್ಕಿ ಅರಳುವ ಚಟಪಟ. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಬೇಕಾದರೆ ಕೂಗಲೇಬೇಕು. "ಉರಿ ತಗ್ಸು!" "ಚೀಲ ತಾ!" ಅಲ್ಲಿ ನನ್ನ ಗಂಟಲು ಯಾವ ಲೆಕ್ಕ! ಹುಡುಗಿ ಗೋಡೆಯ ಪಕ್ಕ ಬೀಜ ಜೋಡಿಸುತ್ತ ಕೂತಿದ್ದಳು. ಅವಳ ಅಪ್ಪ ಬಿಸಿ ಮರಳನ್ನು ಜರಡಿಗೆ ಸುರಿಯುವ ಮುಂಚೆ "ಹುಷಾರ್!" ಎಂದು ಕೂಗಿದ. ಅವಳು ಥಟ್ಟನೆ ತಲೆ ತಗ್ಗಿಸಿ ಕಲ್ಲಿನಂತೆ ಕೂತಳು. ಅಂಗನವಾಡಿಯಲ್ಲಿ ನಾನು ದಿನಾ ನೋಡುತ್ತಿದ್ದುದು ಇದನ್ನೇ.

ಜರಡಿ ಹಿಡಿದಾದ ಮೇಲೆ ಅವಳ ಅಜ್ಜಿ ಎದ್ದು ಹೋಗಿ, ಭುಜವನ್ನು ಎರಡು ಸಲ ತಟ್ಟಿ, ಕಿವಿಯ ಹತ್ತಿರ ಏನೋ ಹೇಳಿದರು. ಹುಡುಗಿ ಒಳಗೆ ಹೋಗಿ ಚೊಂಬು, ಲೋಟ, ಒಂದು ತಟ್ಟೆ ಮಂಡಕ್ಕಿ ಎಲ್ಲ ತಂದು ನನ್ನ ಮುಂದಿಟ್ಟಳು. ಹೇಳಿದ್ದರಲ್ಲಿ ಒಂದನ್ನೂ ಮರೆತಿಲ್ಲವೆಂದು ಅಜ್ಜಿ ತಲೆದೂಗಿದರು.

"ನಮ್ ಮನ್ಯಾಗೆ ಕೂಗು ಅಂದ್ರೆ ಬೆಂಕಿ, ಟೀಚರಮ್ಮ" ಎಂದರು ಅಜ್ಜಿ. "ಮಕ್ಳು ಅಡ್ಡ ಓಡಿದ್ರೆ ಮರಳು ಮೈಮ್ಯಾಲೆ ಬೀಳ್ತೈತ್ರಿ. ಅದ್ಕೇ ನಡೆಯಾಕ ಬಂದಾಗಿಂದ ಒಂದೇ ಪಾಠ. ದೊಡ್ಡವ್ರು ಕೂಗಿದ್ರೆ ಅಲ್ಲೇ ಕೂತ್ಕೊ, ತಲೆ ತಗ್ಸು. ಕರೀಬೇಕಂದ್ರೆ ನಾವೇ ಹತ್ರ ಹೋಗಿ ಮುಟ್ತೀವಿ. ನೀವು ಅಲ್ಲಿ ಹೆಂಗೆ ಕರೀತೀರಿ?"

ನಾನು ಲೋಟ ಕೆಳಗಿಟ್ಟೆ. "ಕೂಗಿಯೇ ಕರೀತೀನಿ, ಅಜ್ಜಿ" ಎಂದೆ.

ಮರುದಿನ ಅವಳ ಪಕ್ಕ ಕೂತು ಭುಜವನ್ನು ಎರಡು ಸಲ ತಟ್ಟಿ "ಬಾರವ್ವ" ಎಂದೆ. ಬಂದಳು. ಅಷ್ಟೇ! ಇಷ್ಟು ತಿಂಗಳು ನಾನು ಹರಿದುಕೊಂಡ ಗಂಟಲೆಲ್ಲ ದಂಡ. ಅಂದಿನಿಂದ ಒಂದು ಆಟ ಶುರು ಮಾಡಿದೆ. ಮಕ್ಕಳ ಕಣ್ಣು ಮುಚ್ಚಿಸಿ, ಬೇರೆ ಬೇರೆ ಸ್ಟೀಲ್ ಡಬ್ಬಿಗಳಲ್ಲಿ ಕಡಲೆ, ಅಕ್ಕಿ, ಮಂಡಕ್ಕಿ ಹಾಕಿ ಅಲ್ಲಾಡಿಸಿ ಯಾವುದು ಎಂದು ಕೇಳುವುದು. ಕೇಳುವಾಗ ದನಿ ಏರಿಸಬಾರದೆಂದು ನನಗೆ ನಾನೇ ಕಟ್ಟಳೆ ಹಾಕಿಕೊಂಡೆ. ಮೊದಲ ಎರಡು ದಿನ ಗಲಾಟೆಯೋ ಗಲಾಟೆ. ಸಹಾಯಕಿ "ಟೀಚರ್‌ಗೆ ಗಂಟ್ಲು ಕಟ್ಟೈತೇನ್ರಿ?" ಎಂದು ನಕ್ಕಳು. ಮೂರನೇ ದಿನ ಮಕ್ಕಳು ನನ್ನ ಮಾತು ಕೇಳಿಸಿಕೊಳ್ಳಲು ಮೊಣಕಾಲಿಗೆ ಮೊಣಕಾಲು ತಾಗಿಸಿ ಹತ್ತಿರ ಸರಿದು ಕೂತರು.

ಒಂದು ದಿನ ನಾನು ಡಬ್ಬಿ ಅಲ್ಲಾಡಿಸಿದಾಗ ಅವಳು ಕಣ್ಣು ತೆರೆಯದೆಯೇ "ಟೀಚರ್, ಈ ಮಂಡಕ್ಕಿ ಮೆತ್ತಗಾಗೈತೆ" ಎಂದಳು. ಬಾಯಿಗೆ ಹಾಕಿ ನೋಡಿದೆ, ನಿಜ. ಎಷ್ಟು ಅಕ್ಕರೆ ಉಕ್ಕಿತೆಂದರೆ, ಡಬ್ಬಿಯ ಕಡಲೆಯನ್ನೆಲ್ಲ ಅವಳ ಉಡಿಗೆ ಸುರಿದೆ. ಅಂದೇ ಸಂಜೆ ತಾಯಿಗೆ ಹೇಳಿದೆ, ಇವಳು ಒಂದನೇ ಕ್ಲಾಸಿಗೆ ಹೋಗಲಿ ಎಂದು. ತಪ್ಪಾಯಿತು ಎಂದೂ ಹೇಳಿದೆ.

ಜೂನ್‌ನಲ್ಲಿ ಮೊದಲ ದಿನ ತಾಯಿ ಮಗಳ ಜೊತೆ ನಾನೂ ಶಾಲೆಗೆ ಹೋದೆ. ಅಂಗಳದಲ್ಲಿ ಮೇಷ್ಟ್ರು "ಏ, ಲೈನಾಗಿ ನಿಲ್ರಿ!" ಎಂದು ಕೂಗಿದರು. ಥೇಟ್ ನನ್ನದೇ ಗಂಟಲು. ಮಕ್ಕಳೆಲ್ಲ ಸಾಲು ಕಟ್ಟಿದರು. ಇವಳು ಮಾತ್ರ ಹೊಸ ಲಂಗದಲ್ಲೇ ಮಣ್ಣಿನ ಮೇಲೆ ಕೂತು ತಲೆ ತಗ್ಗಿಸಿದಳು. ಮೇಷ್ಟ್ರು ಹುಬ್ಬು ಗಂಟಿಕ್ಕಿ ಅವಳ ಕಡೆ ನೋಡಿದರು. ತಾಯಿ ನನ್ನ ತೋಳು ಗಟ್ಟಿಯಾಗಿ ಹಿಡಿದಳು. ನಾನು ತಪ್ಪಿಸಿದ ದಡ್ಡಿ ಎಂಬ ಹೆಸರು ಇನ್ನೊಬ್ಬರ ಬಾಯಿಂದ ಬೀಳುವುದರಲ್ಲಿತ್ತು.

ನಾನು ಅವಳ ಪಕ್ಕ ಮಂಡಿಯೂರಿ ಭುಜ ತಟ್ಟಿದೆ. ಅವಳು ಮುಖವೆತ್ತಿ ಮೆಲ್ಲಗೆ ಕೇಳಿದಳು: "ಟೀಚರ್, ಈ ಶಾಲ್ಯಾಗೂ ಬೆಂಕಿ ಐತೇನ್ರಿ?"

"ಇಲ್ಲವ್ವ" ಎಂದೆ. "ನಮ್ ಅಂಗನವಾಡ್ಯಾಗೂ ಇರ್ಲಿಲ್ಲ. ಏಳು." ಅವಳನ್ನು ಸಾಲಿನಲ್ಲಿ ನಿಲ್ಲಿಸಿ, ಮೇಷ್ಟ್ರ ಹತ್ತಿರ ಹೋಗಿ, ಅವರು ಬಾಗಿ ಕೇಳಿಸಿಕೊಳ್ಳಬೇಕಾಗುವಷ್ಟು ಸಣ್ಣ ದನಿಯಲ್ಲಿ ಎಲ್ಲ ಹೇಳಿದೆ. ಅವರು ಬಾಗಿಯೇ ಕೇಳಿದರು. ಆಮೇಲೆ ಸಾಲಿನ ಹತ್ತಿರ ಹೋಗಿ ಅವಳ ಭುಜವನ್ನು ಎರಡು ಸಲ ತಟ್ಟಿದರು.