ಬಾಲ ಹಿಡಿದು ಗುಡ್ಡ ಹತ್ತಿದವಳು

ಸಿಯೆರಾ ಬೆಟ್ಟಗಳ ತಪ್ಪಲಲ್ಲಿ ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದ ಡೆಲ್ಫೀನ್ ರೋರ್ಕ್ ನಾಲ್ಕು ಜನರ ಮುಂದೆ ಅತ್ತವಳಲ್ಲ. ಹೋದ ಸೆಪ್ಟೆಂಬರಿನಲ್ಲಿ ಅತ್ತಳು. ಐವತ್ತು ಮೈಲಿಯ ಕುದುರೆ ಸವಾರಿ ಪಂದ್ಯ. ಮೂವತ್ತಾರನೇ ಮೈಲಿಯ ತಪಾಸಣೆಯಲ್ಲಿ ಅವಳ ಹೆಣ್ಣುಕುದುರೆ ಟ್ಯಾನ್ಸಿಯ ನಾಡಿ ನಿಯಮದ ಅರ್ಧ ಗಂಟೆ ಕಳೆದರೂ ನಿಮಿಷಕ್ಕೆ ಅರವತ್ತಕ್ಕೆ ಇಳಿಯಲಿಲ್ಲ. ಪಶುವೈದ್ಯರು ಅಲ್ಲಿಗೇ ತಡೆದರು. ಸೋತದ್ದಕ್ಕಲ್ಲ ಆ ಅಳು. ಓಡು ಎಂದರೆ ಎದೆ ಒಡೆಯುವವರೆಗೂ ಓಡುವ ಮೂಕಪ್ರಾಣಿಯನ್ನು ಓಡಿಸಿಬಿಟ್ಟೆನಲ್ಲ ಎಂಬ ಸಂಕಟಕ್ಕೆ. ಇನ್ನೊಮ್ಮೆ ಹೀಗಾದರೆ ಅದರ ಬೆನ್ನಿಗೆ ಜೀನು ಹಾಕುವುದಿಲ್ಲವೆಂದು ಆಣೆಯಿಟ್ಟುಕೊಂಡಳು.

ಫೆಬ್ರವರಿಯಿಂದ ವಾರಕ್ಕೆ ಮೂರು ದಿನ ಗುಡ್ಡ. ಮೊದಲೆರಡು ತಿಂಗಳು ಬರೀ ನಡಿಗೆ, ಆಮೇಲೆ ಕುಕ್ಕುಲೋಟ. ಕಡಿದಾದ ಕಡೆ ಕೆಳಗಿಳಿದು, ಕುದುರೆಯನ್ನು ಮುಂದೆ ಬಿಟ್ಟು, ಅದರ ಬಾಲ ಹಿಡಿದು ತಾನೂ ಹತ್ತುವಳು. ಇಳಿಜಾರಿನಲ್ಲಿ ಅದರ ಮುಂಗಾಲಿಗೆ ಭಾರ ಬೀಳದಿರಲೆಂದು ಪಕ್ಕದಲ್ಲಿ ಓಡುವಳು. ಅರವತ್ತೊಂದರ ಮಂಡಿಗಳ ಗೋಳು ಕೇಳುವವರಾರು?

ಪಕ್ಕದ ಮನೆಯ ವೇಡ್ ಬೇಲಿಗೊರಗಿ ಕೆಣಕುತ್ತಿದ್ದ.

"ಏನ್ ಡೆಲ್ಫೀನ್, ಯಾರು ಯಾರನ್ನ ಪಳಗಿಸ್ತಿರೋದು?"

"ನಿನ್ನನ್ನಂತೂ ಅಲ್ಲಪ್ಪ. ಅದು ನಿನ್ನ ಹೆಂಡ್ತೀನೇ ಕೈಬಿಟ್ಟ ಕೆಲಸ."

ಗುಡ್ಡದ ನೆತ್ತಿಯಲ್ಲಿ ನಿಂತು ನಾಡಿ ಎಣಿಸುವಳು. ಮಾರ್ಚಿನಲ್ಲಿ ಅರವತ್ತಕ್ಕಿಳಿಯಲು ಹನ್ನೆರಡು ನಿಮಿಷ ಹಿಡಿಯುತ್ತಿದ್ದದ್ದು ಆಗಸ್ಟಿಗೆ ನಾಲ್ಕು ನಿಮಿಷಕ್ಕೆ ಬಂದಿತ್ತು.

ಈ ಸೆಪ್ಟೆಂಬರಿನಲ್ಲಿ ಮತ್ತೆ ಅದೇ ಪಂದ್ಯ, ಅದೇ ಮೂವತ್ತಾರನೇ ಮೈಲಿ. ಸಹಾಯಕ್ಕೆ ಬಂದಿದ್ದ ವೇಡ್ ಜೀನು ಬಿಚ್ಚಿ ಕುದುರೆಯ ಮೇಲೆ ನೀರು ಹೊಯ್ದ. ನಾಡಿ ಅರವತ್ತೆಂಟು. ಹತ್ತು ನಿಮಿಷ ಕಳೆದರೂ ಅರವತ್ತಾರು. ಡೆಲ್ಫೀನ್ ಹಗ್ಗ ಬಿಗಿಹಿಡಿದು, ಟ್ಯಾನ್ಸಿಯ ಕೊರಳಿಗೆ ಮೈಯೊತ್ತಿ ನಿಂತಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ.

ವೈದ್ಯೆ ಮಾರಿಸೋಲ್ ಒಚೋವಾ ಕಿವಿಯಿಂದ ಸ್ಟೆತಸ್ಕೋಪ್ ತೆಗೆದಳು. "ಕುದುರೆಗೇನೂ ಆಗಿಲ್ಲ ಕಣೇ. ನೀನು ಗಡಗಡ ನಡುಗ್ತಿದ್ದೀಯ, ಎಲ್ಲೋ ಏನೋ ಅಪಾಯ ಇದೆ ಅಂದ್ಕೊಂಡಿದೆ ಅದು. ಹಗ್ಗ ವೇಡ್ ಕೈಗೆ ಕೊಡು. ಆ ಮರದ ಹತ್ರ ಹೋಗಿ ಕೂತ್ಕೋ, ಈ ಕಡೆ ನೋಡ್ಬೇಡ."

ಎಂಟು ತಿಂಗಳು ಕುದುರೆಯ ಎದೆಬಡಿತವನ್ನೇ ಎಣಿಸಿದವಳು ತನ್ನದನ್ನು ಒಂದು ದಿನವೂ ಎಣಿಸಿರಲಿಲ್ಲ. ಹೋಗಿ ಬೆನ್ನು ತಿರುಗಿಸಿ ಕುಳಿತಳು. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಕೂಗು ಬಂತು: "ಐವತ್ತೆಂಟು!"

ಕಡ್ಡಾಯದ ವಿಶ್ರಾಂತಿ ಮುಗಿದೊಡನೆ ವೇಡ್ ಜೀನು ಬಿಗಿದು ಟ್ಯಾನ್ಸಿಯನ್ನು ಕರೆತಂದ. "ಏಳಮ್ಮ, ಎಲ್ಲರೂ ನಮ್ಮನ್ನ ದಾಟಿ ಹೋಗ್ತಿದ್ದಾರೆ."

"ಹೋಗ್ಲಿ ಬಿಡು," ಎಂದಳು ಡೆಲ್ಫೀನ್, ಅಂಗೈಯನ್ನು ಎದೆಯ ಮೇಲಿಟ್ಟುಕೊಂಡೇ. "ಟ್ಯಾನ್ಸಿದು ಇಳೀತು. ನನ್ನದೂ ಇಳೀಲಿ, ಆಮೇಲೆ ಹತ್ತೀನಿ."