ಅಂಗಿಯ ಬೆನ್ನಿಗೆ ಹತ್ತಿದ ಪೌಡರು

ಆ ಮಂಗಳವಾರ ಸಂಜೆ ಒರಿನ್ ಮನೆಗೆ ಬಂದಾಗ ಅವನ ಅಂಗಿಯ ಬೆನ್ನಿಗೆ ಹೆಂಗಸಿನ ಮುಖದ ಪೌಡರು ಹತ್ತಿತ್ತು. ಹೆಂಡತಿ ಡೆಲ್ಫಿ ಬೇಯುವ ಕಾಳು ತಿರುವುತ್ತಿದ್ದ ಸೌಟು ಕೆಳಗಿಟ್ಟಳು.

"ಯಾರದಿದು?"

"ಚಿತ್ರದ ನಾಯಕಿದು. ವೆಸ್ಟಾದು. ಕತೇಲಿ ಧಣಿಯವ್ರು ಸತ್ತಂಗೆ ಬಿದ್ದಿರ್ತಾರೆ, ಅವಳು ಮೇಲೆ ಬಿದ್ದು ಅಳ್ಬೇಕು. ಅವ್ರು ಮಣ್ಣಲ್ಲಿ ಮಲಗ್ತಾರಾ? ನನ್ನ ಮಲಗ್ಸಿದ್ರು."

"ಎಷ್ಟೊತ್ತು ಅತ್ಲು?"

"ನಾಕು ಸಲ ತೆಗೆದ್ರು. ಬಾಯ್ತುಂಬಾ ಮಣ್ಣು ಕಣೇ ನಂಗೆ."

"ಕಿವೀಲಿ ಏನ್ ಹೇಳಿದ್ಲು?"

"ನಾನು ಸತ್ತಿದ್ದೆ. ಕೇಳಿಸ್ಲಿಲ್ಲ."

ಅವನು ನಕ್ಕ. ಅವಳು ನಗಲಿಲ್ಲ. ಅಂಗಿಯನ್ನು ಅವನ ಮುಖಕ್ಕೆಸೆದಳು. "ಸತ್ತೋನೇ ಒಗ್ಕೊ."

ಧಣಿ ಎಂದರೆ ಹ್ಯಾನಿಫರ್ಡ್. ಕ್ಯಾಲಿಫೋರ್ನಿಯಾದ ಆ ಕಣಿವೆಗೆ ಮಾತಿಲ್ಲದ ಚಿತ್ರ ತಂದವನು. ಕತೆ ಅವನದೇ, ತೆಗೆಯುವವನು ಅವನೇ, ನಾಯಕನೂ ಅವನೇ. ಆದರೆ ಕುದುರೆ ಹತ್ತಲು ಅವನಿಗೆ ಹೆದರಿಕೆ. ದನ ಕಾಯುತ್ತಿದ್ದ ಒರಿನ್‌ಗೆ ಅದರಿಂದಲೇ ಕೆಲಸ ಸಿಕ್ಕಿತು. ಮುಖ ಬೇಕಾದ ಕಡೆ ಧಣಿ, ಬೆನ್ನು ಸಾಕಾದ ಕಡೆ ಒರಿನ್. ಇಬ್ಬರಿಗೂ ಒಂದೇ ಥರದ ಚೌಕಳಿ ಅಂಗಿ. ಆರು ವರ್ಷ ಅವನು ಬಿದ್ದ, ಜನ ಧಣಿಗೆ ಚಪ್ಪಾಳೆ ತಟ್ಟಿದರು.

ಬುಧವಾರ ಅವನು ಒಗೆಯದ ಅಂಗಿಯನ್ನೇ ತೊಟ್ಟು ಹೋದ. ಡೆಲ್ಫಿ ಮುಖ ತಿರುಗಿಸಿ ನಿಂತಿದ್ದಳು. ಮಧ್ಯಾಹ್ನ ಹಳ್ಳದ ದಂಡೆಯಲ್ಲಿ ಕುದುರೆ ಅವನ ಮೇಲೆ ಮಗುಚಿತು. ಅವನು ಏಳಲಿಲ್ಲ.

ಹ್ಯಾನಿಫರ್ಡ್ ಟೋಪಿ ತೆಗೆದು ಡೆಲ್ಫಿಯ ಮನೆಗೆ ಬಂದ. ಚಿತ್ರದ ಕಂಪನಿಯ ಬಟ್ಟೆ ಒಗೆಯುವ ಕೆಲಸ ಕೊಟ್ಟ. ಅವಳು ಬೇಡವೆನ್ನಲಿಲ್ಲ. ಹೊಟ್ಟೆ ತುಂಬಬೇಕಿತ್ತಲ್ಲ.

ಎರಡು ತಿಂಗಳಿಗೆ ಚಿತ್ರ ಊರಿನ ಗುಡಾರಕ್ಕೆ ಬಂತು. ಡೆಲ್ಫಿ ಪಕ್ಕದ ಮನೆಯ ಫಿಲೊಮೆನಾ ಜೊತೆ ಹೋದಳು. ಪರದೆಯಲ್ಲಿ ಬೋರಲು ಬಿದ್ದವನ ಬೆನ್ನಿನ ಮೇಲೆ ವೆಸ್ಟಾ ಅಳುತ್ತಿದ್ದಳು. ಗುಡಾರವೆಲ್ಲ ಮೂಗೊರೆಸಿಕೊಂಡಿತು.

"ಅದು ನನ್ ಗಂಡ," ಡೆಲ್ಫಿ ಜೋರಾಗಿ ಅಂದಳು.

ಮುಂದಿನ ಸಾಲಿನವಳು ತಿರುಗಿದಳು. "ಎಲ್ರಿಗೂ ಹಂಗೇ ಅನ್ಸುತ್ತಮ್ಮಾ. ನಂಗೂ ಅವ್ನೇ ಬೇಕು. ಸುಮ್ನೆ ಕೂತ್ಕೊ."

"ಕೂತ್ಕೊಳೇ," ಫಿಲೊಮೆನಾ ಕೈ ಹಿಡಿದೆಳೆದಳು.

ಆಮೇಲೆ ಧಣಿಯ ಮುಖ ಬಂತು. ಕಣ್ಣು ಬಿಟ್ಟ, ಎದ್ದು ಕೂತ, ಟೋಪಿಯ ಧೂಳು ಕೊಡವಿದ. ಚಪ್ಪಾಳೆ.

ಅವನು ಎದ್ದದ್ದಕ್ಕೆ ಅವಳ ಹೊಟ್ಟೆ ಉರಿಯಿತು. ಅದಕ್ಕಿಂತ ಹೆಚ್ಚು ಉರಿದದ್ದು ವೆಸ್ಟಾಳ ಮೇಲೆ. ಡೆಲ್ಫಿ ಅತ್ತದ್ದು ಮೊಳೆ ಹೊಡೆದ ಶವಪೆಟ್ಟಿಗೆಯ ಮೇಲೆ. ಆ ಹೆಂಗಸು ಅತ್ತದ್ದು ಬಿಸಿ ಬೆನ್ನಿನ ಮೇಲೆ, ನಾಲ್ಕು ಸಲ. ಮತ್ತೆ ಮೂರು ಸಂಜೆ ಹೋಗಿ ನೋಡಿದಳು. ಉರಿ ತಣಿಯಲಿಲ್ಲ.

ಈಗ ಧಣಿಯ ಬದಲು ಬೀಳುವವನು ಎಮೆಟ್. ಹೊಸದಾಗಿ ಮದುವೆಯಾದವನು.

"ಅಂಗಿ ಮನೆಗೆ ಹಾಕ್ಕೊಂಡು ಹೋಗ್ತೀನಿ ಅಕ್ಕಾ. ನನ್ನ ಹೆಂಡ್ತಿ ಒಗೀತಾಳೆ."

"ಬಿಚ್ಚಿಟ್ಟು ಹೋಗು."

"ಯಾಕೆ?"

"ಬಿಚ್ಚಿಡು ಅಂದ್ನಲ್ಲ."

ದಿನಾ ಬೆಳಿಗ್ಗೆ ಡೆಲ್ಫಿ ಬಟ್ಟೆ ಕುದಿಸುವ ಒಲೆ ಹಚ್ಚುವ ಮೊದಲು ರಾಶಿಯಿಂದ ಎಮೆಟ್‌ನ ಅಂಗಿ ಹುಡುಕಿ ತೆಗೆಯುತ್ತಾಳೆ. ಬೆನ್ನು ಮೇಲೆ ಮಾಡಿ ಬೆಳಕಿಗೆ ಹಿಡಿಯುತ್ತಾಳೆ. ಪೌಡರಿದ್ದರೆ ಅಲ್ಲಿಗೇ ಸೋಪು ಹಚ್ಚಿ, ಹೋಗುವ ತನಕ ತಿಕ್ಕುತ್ತಾಳೆ.